ಸಕ್ಯುಲೆಂಟ್ ಎಲೆಯಲ್ಲಿ ತೂತು: ಬಸವನಹುಳುವೋ, ಕೊಳೆಯೋ? ಮಲೆನಾಡಿನ ಮಳೆಗೊಂದು ದೋಷ ನಿವಾರಣೆ ಕೈಪಿಡಿ

ಯುಗಾದಿ ಕಳೆದು ಅಶ್ವಿನಿ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡ, ಬೆಳೆಸುವವರದ್ದು ಹೆಚ್ಚುಕಮ್ಮಿ ಒಂದೇ ದೂರು. ಸಂಜೆ ಚೆನ್ನಾಗಿದ್ದ ಎಚೆವೇರಿಯಾ ಎಂಬ ಸಕ್ಯುಲೆಂಟಿನ ಎಲೆಯಲ್ಲಿ ಬೆಳಿಗ್ಗೆ ಗುಳಿ ಬಿದ್ದಿರುತ್ತದೆ, ನಡುವಿನ ಸುಳಿ ಮಾಯವಾಗಿರುತ್ತದೆ, ಕೆಳಗಿನ ಎರಡು ಎಲೆ ಮೆತ್ತಗಾಗಿರುತ್ತವೆ. ತಕ್ಷಣ ಅಡುಗೆಮನೆಯಿಂದ ಉಪ್ಪು ತಂದು ಕುಂಡದ ಸುತ್ತ ಸುರಿಯುವುದು ಬಹುತೇಕರ ರೂಢಿ. ಒಂದು ಮಳೆಗೆ ಆ ಉಪ್ಪು ಕರಗಿ ಬೇರಿಗೆ ಇಳಿಯುತ್ತದೆ. ಆಗ ಹುಳು ಬಿಟ್ಟುಹೋದ ಗಿಡವನ್ನು ಉಪ್ಪು ತೆಗೆಯುತ್ತದೆ.

ಹುಳುವಿನ ಕಾಟ, ಬೇರು ಕೊಳೆಯುವುದು ಎರಡೂ ಹುಟ್ಟುವುದು ಆರದ ತೇವದಿಂದಲೇ. ಹುಳುವನ್ನು ಕೊಂದು ತೇವದ ಜಾಗವನ್ನು ಹಾಗೇ ಬಿಟ್ಟರೆ ವಾರದೊಳಗೆ ಇನ್ನೊಂದು ಬಂದು ಅದೇ ಜಾಗ ಹಿಡಿಯುತ್ತದೆ. ಕೊಳೆಯನ್ನು ಹುಳುವಿನ ಕೆಲಸ ಅಂದುಕೊಂಡು ರಾತ್ರಿಯೆಲ್ಲ ಟಾರ್ಚ್ ಹಿಡಿದು ಕಾದರೆ ಗಿಡ ಹೋಗುತ್ತದೆ, ಹುಳು ಸಿಗುವುದಿಲ್ಲ. ಹಾಗಾಗಿ ಮೊದಲು ಗಾಯ ಗುರುತಿಸಿ, ಆಮೇಲೆ ಹಗಲಿನ ಅಡಗುತಾಣ ಹುಡುಕಿ. ಹಿಡಿಯುವುದು, ತಡೆ ಹಾಕುವುದು ಎಲ್ಲ ಅದಾದ ಮೇಲೆ.

ಗಾಯದ ಗುರುತು

ಗಾಯ ನೋಡುವುದಕ್ಕೆ ಬೆಳಿಗ್ಗೆ ಏಳರೊಳಗಿನ ಹೊತ್ತು ಒಳ್ಳೆಯದು. ಬಿಸಿಲೇರಿದ ಮೇಲೆ ಲೋಳೆಯ ಗೆರೆ ಕಾಣುವುದು ಕಷ್ಟ, ಜಡಿಮಳೆಯಲ್ಲಿ ಅದು ತೊಳೆದೇ ಹೋಗಿರುತ್ತದೆ.

ಬಸವನಹುಳು ಎಲೆಯನ್ನು ಕಚ್ಚುವುದಿಲ್ಲ, ಅರದಂಥ ನಾಲಿಗೆಯಿಂದ ಕೆರೆಯುತ್ತದೆ. ಅದಕ್ಕೇ ದಪ್ಪ ಎಲೆಯಲ್ಲಿ ಆರಪಾರ ತೂತಿಗಿಂತ ಅಂಕುಡೊಂಕು ಅಂಚಿನ ಆಳವಿಲ್ಲದ ಗುಳಿ ಹೆಚ್ಚು ಕಾಣುತ್ತದೆ. ಮೇಲ್ಪೊರೆ ಹೋಗಿ ಒಳಗಿನ ತಿಳಿಹಸಿರು ತಿರುಳು ಕಾಣಿಸುತ್ತದೆ, ಎರಡು ದಿನದಲ್ಲಿ ಅದು ಕಂದು ಹಕ್ಕಳೆಯಾಗುತ್ತದೆ. ಎಲೆಯ ಮೇಲೋ ಕುಂಡದ ಅಂಚಿನಲ್ಲೋ ದಾರದ ತುಂಡಿನಂತೆ ಸುರುಳಿ ಸುತ್ತಿದ ಕಪ್ಪು ಹಿಕ್ಕೆ ಇದ್ದರೆ ಅನುಮಾನವೇ ಬೇಡ.

ಬೇರೆ ಆರೋಪಿಗಳನ್ನೂ ಒಬ್ಬೊಬ್ಬರಾಗಿ ಬಿಡಿಸಿಕೊಳ್ಳಿ:

- ಅಂಚಿನಿಂದ ಒಳಕ್ಕೆ ಕತ್ತರಿಸಿದಂತೆ ನೀಟಾಗಿ ತಿಂದಿದ್ದು, ಲೋಳೆ ಇಲ್ಲದಿದ್ದರೆ ಮಿಡತೆ. ಸಾಸಿವೆಯಂಥ ಒಣ ಗುಂಡು ಹಿಕ್ಕೆ ಬಿದ್ದಿದ್ದರೆ ಕಂಬಳಿಹುಳು ಅಥವಾ ಇನ್ನಾವುದೋ ಮರಿಹುಳು.
- ದೊಡ್ಡ ತುಂಡೇ ಹೋಗಿದ್ದು, ಗಾಯದಲ್ಲಿ ಜೋಡಿ ಗೀರು ಕಂಡರೆ ಇಲಿ. ಮಳೆಗಾಲಕ್ಕಿಂತ ಬಿರುಬೇಸಿಗೆಯಲ್ಲಿ ನೀರಿಗಾಗಿ ಇದು ಹೆಚ್ಚು.
- ಎಲ್ಲ ಗಿಡದಲ್ಲೂ ಆಕಾಶ ನೋಡುವ ಮುಖಕ್ಕೆ ಮಾತ್ರ, ಒಂದೇ ದಿನ ಬಿದ್ದ ಗುಂಡು ಗಾಯಗಳಾದರೆ ಆಲಿಕಲ್ಲು. ಏಪ್ರಿಲ್ ಮಳೆಯ ಮಾರನೆಯ ದಿನ ಇದನ್ನು ಮರೆತು ಹುಳು ಹುಡುಕುವವರು ಬಹಳ.
- ಬೆರಳಲ್ಲಿ ಸವರಿದರೆ ಗುಳಿಯ ಬದಲು ಉಬ್ಬು ತಗುಲಿದರೆ, ಬಿರಟೆಯಂತೆ ಒರಟಾಗಿದ್ದರೆ ಅದು ನೀರುಗುಳ್ಳೆ. ಬೇರು ಕುಡಿದಷ್ಟು ನೀರನ್ನು ಎಲೆ ಹೊರಹಾಕಲಾಗದೆ ಒಳಗಿನ ಜೀವಕೋಶಗಳು ಒಡೆದದ್ದು. ಹುಳುವಿಗೂ ಇದಕ್ಕೂ ಸಂಬಂಧವಿಲ್ಲ, ನೀರು ಕಡಿಮೆ ಮಾಡಿ.
- ಎಲೆ ಅರೆಪಾರದರ್ಶಕವಾಗಿ, ಹಳದಿಯಾಗಿ, ಮುಟ್ಟಿದರೆ ಕಳಚಿ ಬಂದರೆ, ಬುಡ ಒತ್ತಿದಾಗ ಮೆತ್ತಗಿದ್ದು ಹುಳಿ ವಾಸನೆ ಬಂದರೆ ಅದು ಕೊಳೆ. ಸೀದಾ ‘ಕುಂಡದೊಳಗಿನ ತೇವ’, ‘ಪೆಟ್ಟು ತಿಂದ ಗಿಡ’ ಭಾಗಗಳಿಗೆ ಹೋಗಿ.

ಒಂದು ಗೊಂದಲ ಮಾತ್ರ ಇದ್ದೇ ಇರುತ್ತದೆ. ಕೊಳೆಯಲು ಶುರುವಾದ ಎಲೆಯ ವಾಸನೆಗೆ ಹುಳು ಬರುತ್ತದೆ. ಹುಳು ಕೆರೆದ ಗಾಯಕ್ಕೆ ನೀರು ಬಿದ್ದು ಕೊಳೆಯೂ ಶುರುವಾಗುತ್ತದೆ. ಎರಡೂ ಇದ್ದಾಗ ಮೊದಲು ಕೊಳೆಯನ್ನು ನೋಡಿ. ಹುಳು ಒಂದು ರಾತ್ರಿಗೆ ಒಂದೆರಡು ಎಲೆ ತಿನ್ನುತ್ತದೆ, ಕೊಳೆ ಅಷ್ಟೇ ಹೊತ್ತಿನಲ್ಲಿ ಕಾಂಡ ದಾಟುತ್ತದೆ. ಚೋರಟೆ, ಅಂದರೆ ಸಹಸ್ರಪದಿಯೂ ಹೀಗೆಯೇ ಕೊಳೆತದ್ದರ ಹಿಂದೆ ಬರುವ ಅತಿಥಿ. ಗಿಡದ ಬುಡದಲ್ಲಿ ಚೋರಟೆ ಗುಂಪುಗೂಡಿದ್ದರೆ ಅದನ್ನು ಬೈಯುವ ಮೊದಲು ಬುಡ ಒತ್ತಿ ನೋಡಿ.

ಮೂರು ರಾತ್ರಿಯ ಪರೀಕ್ಷೆ

ಗಾಯ ಹುಳುವಿನದ್ದೇ ಅಂತಾದರೂ ಹುಳು ಎಲ್ಲಿಂದ ಬರುತ್ತಿದೆ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಒಂದು ಅಗಲವಾದ ಪ್ಲಾಸ್ಟಿಕ್ ಬೇಸಿನ್, ಒಂದು ಇಟ್ಟಿಗೆ, ಚಿಟಿಕೆ ಸೋಪುಪುಡಿ ಇದ್ದರೆ ಆಯಿತು.

1. ಬೇಸಿನ್ನಿನ ನಡುವೆ ಇಟ್ಟಿಗೆ ಇಟ್ಟು, ಸುತ್ತ 5 ಸೆಂ.ಮೀ. ಎತ್ತರಕ್ಕೆ ಸೋಪುನೀರು ತುಂಬಿ. ಇಟ್ಟಿಗೆಯ ತಲೆ ನೀರಿನ ಮೇಲೆ ಇರಲಿ.
2. ಹೆಚ್ಚು ಪೆಟ್ಟು ತಿಂದ ಕುಂಡವನ್ನು ಇಟ್ಟಿಗೆ ಮೇಲಿಡಿ. ಎಲೆಯಾಗಲಿ ಹೂದಂಟಾಗಲಿ ಗೋಡೆಗೂ ಪಕ್ಕದ ಗಿಡಕ್ಕೂ ತಾಗಬಾರದು.
3. ಈಗಿರುವ ಗಾಯಗಳ ಫೋಟೊ ತೆಗೆದಿಡಿ. ಇಲ್ಲದಿದ್ದರೆ ಮೂರನೆಯ ದಿನ ಹಳೆಯ ಗಾಯ ಯಾವುದು, ಹೊಸದು ಯಾವುದು ಅಂತ ಜಗಳವಾಗುತ್ತದೆ.
4. ಮೂರು ರಾತ್ರಿ ಬಿಡಿ. ಮಳೆ ನೇರ ಬೀಳದ ಜಾಗದಲ್ಲಿರಲಿ.

ಹೊಸ ಗಾಯ ಬಿದ್ದರೆ ಹುಳು ಕುಂಡದ ಒಳಗೇ ಇದೆ. ಬೀಳದಿದ್ದರೆ ಹೊರಗಿನಿಂದ ಬರುತ್ತಿದೆ. ಈ ಒಂದು ಪರೀಕ್ಷೆ ಮಾಡದೆ ಬೆಂಚಿನ ಕಾಲಿಗೆಲ್ಲ ತಡೆ ಕಟ್ಟಿ, ಹುಳುವನ್ನು ಬೇಲಿಯ ಒಳಗೇ ಸಾಕಿಕೊಂಡಂತಾಗುವುದು ಸಾಮಾನ್ಯ.

ಒಳಗಿದೆ ಅಂತಾದರೆ ಗಿಡ ಕಿತ್ತು ಮಿಶ್ರಣ ಬಿಡಿಸಿ ನೋಡಲೇಬೇಕು. ಮೇಲಿನಿಂದ 2ರಿಂದ 5 ಸೆಂ.ಮೀ. ಆಳದಲ್ಲಿ, ಕುಂಡದ ಗೋಡೆಗೆ ಅಂಟಿದಂತೆ ಮೊಟ್ಟೆಯ ಗೊಂಚಲು ಇರಬಹುದು. ದೊಡ್ಡ ಆಫ್ರಿಕನ್ ಬಸವನಹುಳುವಿನ ಮೊಟ್ಟೆ ನೆನೆಸಿದ ಸಾಬಕ್ಕಿಯಂತೆ, 4–5 ಮಿ.ಮೀ. ಗಾತ್ರ, ತಿಳಿ ಹಳದಿಬಿಳಿ. ನರ್ಸರಿಯಿಂದ ತಂದ ಗಿಡದಲ್ಲಿ ನಿಧಾನವಾಗಿ ಕರಗುವ ಗೊಬ್ಬರದ ಗುಂಡುಗಳೂ ಹೀಗೇ ಕಾಣುತ್ತವೆ, ಬೆಚ್ಚಿಬೀಳಬೇಡಿ. ಹಿಚುಕಿದರೆ ಗೊಬ್ಬರದ ಗುಂಡು ಪ್ಲಾಸ್ಟಿಕ್ ಸಿಪ್ಪೆಯಂತೆ ಸುಕ್ಕಾಗಿ ನೀರು ಬಿಡುತ್ತದೆ, ಅದು ಚೆಲ್ಲಾಪಿಲ್ಲಿಯಾಗಿ ಇರುತ್ತದೆ. ಮೊಟ್ಟೆ ಒಡೆದರೆ ಅಂಟು, ಇರುವುದೂ ಒಂದೇ ಗುಂಪಾಗಿ.

ಯಾವ ಹುಳು ಅಂತ ಗೊತ್ತಿದ್ದರೆ ಅರ್ಧ ಕೆಲಸ

ಶಂಖದಂತೆ ಉದ್ದ ಚಿಪ್ಪು, ಕಂದು ಪಟ್ಟೆ, ಬೆರಳುದ್ದ ಅಥವಾ ಅದಕ್ಕೂ ಹೆಚ್ಚು ಇದ್ದರೆ ಅದು ಆಫ್ರಿಕನ್ ದೈತ್ಯ ಬಸವನಹುಳು. ಪೂರ್ವ ಆಫ್ರಿಕದ ಈ ಪ್ರಾಣಿ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಬಂದು ಅಲ್ಲಿಂದ ದೇಶವೆಲ್ಲ ಹರಡಿತು. ಈಗ ಅಡಿಕೆ, ಬಾಳೆ, ಕಾಫಿ ತೋಟದವರಿಗೆಲ್ಲ ತಲೆನೋವು. ಗಂಡು ಹೆಣ್ಣು ಎರಡೂ ಒಂದೇ ದೇಹದಲ್ಲಿ. ಒಂದು ಸಲಕ್ಕೆ ನೂರಕ್ಕೂ ಮೇಲೆ ಮೊಟ್ಟೆ ಇಡುತ್ತದೆ, ವರ್ಷಕ್ಕೆ ಹಲವು ಸಲ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಒಣ ಪೊರೆ ಕಟ್ಟಿಕೊಂಡು ಮಣ್ಣಲ್ಲೋ ಕಲ್ಲಿನ ಸಂದಿಯಲ್ಲೋ ತಿಂಗಳುಗಟ್ಟಲೆ ಮಲಗುತ್ತದೆ.

ನಾಣ್ಯದಷ್ಟೇ ಅಗಲದ, ಚಪ್ಪಟೆ, ಎಣ್ಣೆ ಹಚ್ಚಿದಂತೆ ಹೊಳೆಯುವ ಕಂದು ಚಿಪ್ಪಿನದು ನಮ್ಮ ಊರಿನದ್ದೇ ಸಣ್ಣ ಹುಳು. ಹಾನಿ ಕಡಿಮೆ, ಆದರೆ ಸೆಡಮ್, ಗ್ರಾಪ್ಟೊಪೆಟಲಮ್‌ನಂಥ ಮೆತ್ತನೆಯ ಎಲೆಗೆ ಇದೂ ಸಾಕು. ಗೋಪುರದಂತೆ ಚೂಪಾದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ಪಿನವು ಕುಂಡದ ಮಣ್ಣಲ್ಲೇ ಬದುಕುತ್ತವೆ. ಇವು ಮುಖ್ಯವಾಗಿ ಕೊಳೆತದ್ದನ್ನು ತಿನ್ನುತ್ತವೆ, ಸಿಕ್ಕರೆ ಬೀಜದ ಸಸಿಯನ್ನೂ ಬಿಡುವುದಿಲ್ಲ. ಇವು ಬಹಳವಿದ್ದರೆ ನಿಮ್ಮ ಮಿಶ್ರಣದಲ್ಲಿ ಗೊಬ್ಬರ ಹೆಚ್ಚಾಗಿದೆ ಅಂತಲೇ ಅರ್ಥ. ಚಿಪ್ಪೇ ಇಲ್ಲದ ಸಿಂಬಳದ ಹುಳು ಹಗಲಲ್ಲಿ ಕುಂಡದ ತಳದ ತೂತಿನಲ್ಲಿ ತೂರಿಕೊಂಡಿರುತ್ತದೆ. ತಳ ತಿರುಗಿಸಿ ನೋಡುವ ಅಭ್ಯಾಸ ಇಲ್ಲದವರಿಗೆ ಇದು ಕೊನೆವರೆಗೂ ಸಿಗುವುದಿಲ್ಲ.

ಯಾವುದನ್ನೇ ಆದರೂ ಬರಿಗೈಲಿ ಮುಟ್ಟಬೇಡಿ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಪರೋಪಜೀವಿ ಹುಳು ಬಸವನಹುಳುವಿನ ಮೂಲಕ ಮನುಷ್ಯರಿಗೆ ಬಂದು ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಕೈಗವಸು ಅಥವಾ ಚಿಮಟ ಬಳಸಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಮಕ್ಕಳಿಗೆ ಈ ಕೆಲಸ ಕೊಡಬೇಡಿ.

ಒಂದನ್ನು ಮಾತ್ರ ಕೊಲ್ಲದೆ ಬಿಡಿ. ಕಪ್ಪಗೆ, ಚಪ್ಪಟೆಯಾಗಿ, ಪಟ್ಟಿಪಟ್ಟಿಯಾದ ಮೈ ಇರುವ, ಬಾಲದ ತುದಿ ಕತ್ತಲಲ್ಲಿ ಮಿಣಮಿಣ ಅನ್ನುವ ಮರಿಹುಳು ಮಿಂಚುಹುಳುವಿನದ್ದು. ಅದರ ಊಟವೇ ಬಸವನಹುಳು. ಕೆಂಬೂತವೂ ದೊಡ್ಡ ಶಂಖದ ಹುಳುವನ್ನು ಒಡೆದು ತಿನ್ನುತ್ತದೆ.

ಹಗಲು ಎಲ್ಲಿ ಅಡಗುತ್ತದೆ

ರಾತ್ರಿ ಒಂಬತ್ತರ ಮೇಲೆ, ಮಳೆ ನಿಂತು ಸ್ವಲ್ಪ ಹೊತ್ತಾದಾಗ ಟಾರ್ಚ್ ಹಿಡಿದು ಹೊರಡಿ. ಹುಳು ಸಿಕ್ಕರೆ ತಕ್ಷಣ ಎತ್ತಬೇಡಿ, ಲೋಳೆಯ ಗೆರೆ ಹಿಂದಕ್ಕೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಅದು ಅಡಗುತಾಣದ ದಾರಿ. ಒಂದು ಹುಳು ಹಿಡಿಯುವುದಕ್ಕಿಂತ ಆ ದಾರಿ ಸಿಗುವುದು ದೊಡ್ಡ ಲಾಭ.

ಮಲೆನಾಡಿನ ಮನೆಗಳಲ್ಲಿ ಆ ದಾರಿ ಮುಗಿಯುವ ಜಾಗಗಳು ಬೇಗ ಲೆಕ್ಕಕ್ಕೆ ಸಿಗುತ್ತವೆ. ಹಾವಸೆ ಕಟ್ಟಿದ ಜಂಬಿಟ್ಟಿಗೆ ಗೋಡೆಯ ಸಂದು, ಅಂಗಳದ ಮೂಲೆಯಲ್ಲಿ ಒಟ್ಟಿದ ಹಳೆ ಹೆಂಚು, ಮಡಚಿಟ್ಟ ಟಾರ್ಪಾಲು, ಅಡಿಕೆ ಹಾಳೆಯ ರಾಶಿ, ಬಾಳೆಬುಡ, ಗೊಬ್ಬರಗುಂಡಿಯ ಅಂಚು. ಖಾಲಿ ಕುಂಡಗಳನ್ನು ಒಂದರೊಳಗೊಂದು ಸೇರಿಸಿ ಮಗುಚಿಟ್ಟಿದ್ದರೆ ಅದು ಅವುಗಳಿಗೆ ಬಹುಮಹಡಿ ಮನೆ. ಸಕ್ಯುಲೆಂಟ್ ಇರುವ ಜಾಗದಿಂದ ಕನಿಷ್ಠ 3 ಮೀಟರ್ ಸುತ್ತ ಇವೆಲ್ಲ ಖಾಲಿಯಾಗಬೇಕು. ಕುಂಡದ ಕೆಳಗಿನ ತಟ್ಟೆಗಳನ್ನು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತೆಗೆದೇ ಬಿಡಿ, ನೀರೂ ನಿಲ್ಲುವುದಿಲ್ಲ, ಹುಳುವಿಗೆ ನೆರಳೂ ಇರುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಮಲೆನಾಡಿನ ಮಣ್ಣು ಹುಳಿ, ಸುಣ್ಣದ ಅಂಶ ಕಡಿಮೆ. ಚಿಪ್ಪು ಕಟ್ಟಲು ಬಸವನಹುಳುವಿಗೆ ಸುಣ್ಣ ಬೇಕೇಬೇಕು. ಅದಕ್ಕೇ ಸುಣ್ಣ ಬಳಿದ ಗೋಡೆ, ಸಿಮೆಂಟ್ ಕಟ್ಟೆಯನ್ನು ಅವು ಕೆರೆಯುವುದು. ಗೋಡೆಯ ಬುಡದ ಸುಣ್ಣದಲ್ಲಿ ಅಂಕುಡೊಂಕು ಕೆರೆದ ಗುರುತು ಕಂಡರೆ ದೈತ್ಯ ಹುಳು ಹತ್ತಿರದಲ್ಲೇ ಇದೆ. ಮೊಟ್ಟೆಸಿಪ್ಪೆ ಪುಡಿ ಹಾಕಿದರೆ ಹುಳು ಬರುವುದಿಲ್ಲ ಅನ್ನುವ ಸಲಹೆಯೂ ಇದೇ ಕಾರಣಕ್ಕೆ ತಲೆಕೆಳಗು. ನೆನೆದ ಸಿಪ್ಪೆಯ ಮೇಲೆ ಅವು ಆರಾಮವಾಗಿ ಹರಿಯುತ್ತವೆ, ಸುಣ್ಣಕ್ಕಾಗಿ ಅದನ್ನೇ ಕೆರೆದುಕೊಂಡೂ ಹೋಗಬಲ್ಲವು.

ಹಿಡಿಯುವುದು: ಮೊದಲ ಮಳೆಯ ಲೆಕ್ಕ

ಭರಣಿ ಮಳೆ ಬಂದರೆ ಧರಣಿ ಬೆಳೆ ಅನ್ನುತ್ತಾರೆ. ಸಕ್ಯುಲೆಂಟಿನವರಿಗೆ ಅದು ಎಚ್ಚರಿಕೆಯ ಗಂಟೆ. ಏಪ್ರಿಲ್ ನಡುವಿನ ಅಶ್ವಿನಿ, ತಿಂಗಳ ಕೊನೆಯ ಭರಣಿ, ಮೇ ಎರಡನೆಯ ವಾರದ ಕೃತ್ತಿಕೆ – ಈ ಮೂರರಲ್ಲಿ ಮೊದಲು ಯಾವುದು ನೆಲ ನೆನೆಸುತ್ತದೋ ಆ ರಾತ್ರಿ ಮಲಗಿದ್ದ ದೊಡ್ಡ ಹುಳುಗಳು ಹೊರಬರುತ್ತವೆ. ಬಂದ ತಕ್ಷಣ ಮೊಟ್ಟೆ ಇಡುವುದಿಲ್ಲ. ಮೊದಲು ಹೊಟ್ಟೆ ತುಂಬಿಸಿಕೊಂಡು, ಕೂಡಿ, ಆಮೇಲೆ ಇಡುತ್ತವೆ. ಆ ನಡುವಿನ ದಿನಗಳಲ್ಲಿ ಎತ್ತಿದ ಒಂದು ಹುಳು ಆರಿದ್ರಾ ಮಳೆಯಲ್ಲಿ ಎತ್ತುವ ನೂರು ಮರಿಗೆ ಸಮ. ವರ್ಷದಲ್ಲಿ ಮೂರೇ ರಾತ್ರಿ ನಿದ್ದೆ ಬಿಡಲು ಸಾಧ್ಯ ಅಂದರೆ ಮೊದಲ ನೆಲನೆನೆಯುವ ಮಳೆಯ ನಂತರದ ಮೂರು ರಾತ್ರಿ ಬಿಡಿ.

ಬಲೆ ಸುಲಭ. ಗೋಣಿಚೀಲವನ್ನು ನೀರಲ್ಲಿ ಅದ್ದಿ ಹಿಂಡಿ, ನಾಲ್ಕು ಮಡಿಕೆ ಮಾಡಿ, ನಡುವೆ ಪಪಾಯ ಎಲೆ ಅಥವಾ ಎಲೆಕೋಸಿನ ಹೊರಸಿಪ್ಪೆ ಇಟ್ಟು ಸಂಜೆ ಆರಕ್ಕೆ ಗಿಡಗಳಿಂದ ಎರಡು ಮೀಟರ್ ದೂರದಲ್ಲಿ, ಹುಳು ಬರುವ ದಿಕ್ಕಿನಲ್ಲಿ ಹಾಕಿ. ಬೆಳಿಗ್ಗೆ ಬಿಸಿಲೇರುವ ಮೊದಲು ಎತ್ತಿ ಕೊಡವಿ. ಹುಳಿ ಬಂದ ಹಿಟ್ಟಿನ ವಾಸನೆಗೂ ಅವು ಚೆನ್ನಾಗಿ ಬರುತ್ತವೆ. ಉಪ್ಪು ಹಾಕದ, ಉಕ್ಕಿ ಹುಳಿಯಾದ ದೋಸೆಹಿಟ್ಟು ಎರಡು ಚಮಚ ತೆಂಗಿನ ಗೆರಟೆಯಲ್ಲಿಟ್ಟು ಮೇಲೆ ಹೆಂಚಿನ ಚೂರು ಓರೆಯಾಗಿ ಮುಚ್ಚಿ, ಮಳೆ ನೀರು ಬೀಳದಂತೆ. ಬಲೆಯನ್ನು ಬೆಂಚಿನ ಕೆಳಗೇ ಇಡುವುದು ತಪ್ಪು. ವಾಸನೆಗೆ ದೂರದಿಂದ ಬಂದವು ಮೇಲಿನ ಗಿಡವನ್ನೂ ನೋಡಿಕೊಂಡು ಹೋಗುತ್ತವೆ.

ಹಿಡಿದವನ್ನು 5 ಲೀಟರ್ ನೀರಿಗೆ 1 ಕೆ.ಜಿ. ಕಲ್ಲುಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿ. ಮಾರನೆಯ ದಿನ ಒಂದೂವರೆ ಅಡಿ ಗುಂಡಿಯಲ್ಲಿ ಸುಣ್ಣದ ಪುಡಿ ಹಾಕಿ ಹೂಳಿ. ಆ ಉಪ್ಪುನೀರನ್ನು ತೋಟಕ್ಕೆ ಚೆಲ್ಲಬೇಡಿ. ಸತ್ತ ಚಿಪ್ಪುಗಳನ್ನು ಅಲ್ಲಲ್ಲೇ ಬಿಟ್ಟರೆ ಮಳೆ ನೀರು ತುಂಬಿ ಸೊಳ್ಳೆ ಮರಿ ಮಾಡುತ್ತದೆ. ತೋಟದಾಚೆ ರಸ್ತೆಗೆ ಎಸೆದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಹುಳು ನಾಲ್ಕು ದಿನದಲ್ಲಿ ವಾಪಸು ಬರುತ್ತದೆ, ಇಲ್ಲವೇ ಪಕ್ಕದ ಮನೆಯವರ ಪಾಲಾಗುತ್ತದೆ.

ತಡೆ: ಬೆಂಚು, ಮೈಲುತುತ್ತ, ತಾಮ್ರದ ಪಟ್ಟಿ

ನೆಲದ ಮೇಲೆ ಕುಂಡ ಇಟ್ಟುಕೊಂಡು ಹುಳು ತಡೆಯುವುದು ಮಲೆನಾಡಿನಲ್ಲಿ ಆಗದ ಮಾತು. ಎರಡೂವರೆ ಅಡಿ ಎತ್ತರದ ಬೆಂಚು ಬೇಕು, ಮೇಲ್ಭಾಗ ಜಾಲರಿಯದ್ದೋ ಸಂದು ಬಿಟ್ಟ ಅಡಿಕೆ ದಬ್ಬೆಯದ್ದೋ ಆಗಿರಲಿ. ಗೋಡೆಯಿಂದ 15 ಸೆಂ.ಮೀ. ದೂರ. ಹೀಗೆ ಮಾಡಿದರೆ ಹುಳು ಹತ್ತುವುದಕ್ಕೆ ಉಳಿಯುವುದು ನಾಲ್ಕು ಕಾಲು ಮಾತ್ರ, ಕಾವಲು ಕಾಯಬೇಕಾದದ್ದೂ ಅಷ್ಟೇ.

ಆ ಕಾಲುಗಳಿಗೆ ಅಡಿಕೆ ಬೆಳೆಯುವ ಮನೆಯಲ್ಲಿ ಮದ್ದು ಈಗಾಗಲೇ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅದೇ ಮೈಲುತುತ್ತ (ತಾಮ್ರದ ಸಲ್ಫೇಟ್), ಅದೇ ಸುಣ್ಣ. ಅಡಿಕೆ ಗೊನೆಗೆ ಹೊಡೆಯುವುದು ಶೇ. 1ರ ತೆಳು ದ್ರಾವಣ, ಇಲ್ಲಿ ಬೇಕಾದ್ದು ಶೇ. 10ರ ಮುಲಾಮು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಲ್ಲಿ, ಎರಡನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೇರೆಬೇರೆಯಾಗಿ ಕದಡಿ. ಸುಣ್ಣ ತಣ್ಣಗಾದ ಮೇಲೆ ಎರಡನ್ನೂ ಸೇರಿಸಿ ಕಲಕಿ. ಉಜ್ಜಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರದ ಲೇಪ ಕಂಡರೆ ಇನ್ನೂ ಸುಣ್ಣ ಬೇಕು. ಅದೇ ದಿನ, ಕಾಲು ಒಣಗಿರುವಾಗ 10 ಸೆಂ.ಮೀ. ಅಗಲದ ಪಟ್ಟಿಯಾಗಿ ಬಳಿಯಿರಿ. ಹುಳುವಿನ ಲೋಳೆಗೆ ತಾಮ್ರ ಸೇರುವುದಿಲ್ಲ, ಅದು ಹಿಂದಿರುಗುತ್ತದೆ.

ಮರದ ಕಾಲು, ಕಲ್ಲುಕಂಬ, ಸಿಮೆಂಟಿಗೆ ಇದು ಸರಿ. ಜಿ.ಐ. ಪೈಪಿನ ಕಾಲಿಗೆ ನೇರ ಬಳಿಯಬೇಡಿ, ತಾಮ್ರದ ಲವಣ ಸತುವಿನ ಲೇಪವನ್ನು ತಿಂದು ಪೈಪು ಬೇಗ ತುಕ್ಕು ಹಿಡಿಯುತ್ತದೆ. ಅಂಥ ಕಡೆ ಪಿ.ವಿ.ಸಿ. ಪೈಪಿನ ತುಂಡು ತೊಡಿಸಿ ಅದರ ಮೇಲೆ ಬಳಿಯಿರಿ, ಎರಡು ಪೈಪಿನ ನಡುವಿನ ಸಂದಿಗೆ ಬಟ್ಟೆ ತುರುಕಿ ಮುಚ್ಚಿ. ಗಿಡದ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು. ಎಚೆವೇರಿಯಾದ ಎಲೆಯ ಮೇಲಿನ ಬಿಳಿ ಮೇಣದ ಪುಡಿ ಒಮ್ಮೆ ಹೋದರೆ ಆ ಎಲೆಗೆ ಮತ್ತೆ ಬರುವುದಿಲ್ಲ.

ತಾಮ್ರದ ಅಂಟುಪಟ್ಟಿ ಮಾರುತ್ತಾರೆ. 1 ಸೆಂ.ಮೀ. ಅಗಲದ್ದು ದೈತ್ಯ ಹುಳುವಿಗೆ ಹೊಸ್ತಿಲು ದಾಟಿದಂತೆ. ತಲೆ ಎತ್ತಿ ಆಚೆ ಇಟ್ಟುಬಿಡುತ್ತದೆ. 5 ಸೆಂ.ಮೀ.ಗಿಂತ ಕಡಿಮೆ ಅಗಲದ್ದಕ್ಕೆ ದುಡ್ಡು ಹಾಕಬೇಡಿ. ಮಳೆಗಾಲದ ತೇವಕ್ಕೆ ಅದು ಬೇಗ ಕಪ್ಪಾಗುತ್ತದೆ, ದೇವರ ಪಾತ್ರೆ ತೊಳೆಯುವ ಹಾಗೆ ಹುಣಸೆಹುಳಿ ಹಚ್ಚಿ ಉಜ್ಜುತ್ತಿರಬೇಕು.

ಬೂದಿ, ಸುಣ್ಣದ ಪುಡಿ ಒಣಗಿರುವ ತನಕ ಮಾತ್ರ ಕೆಲಸ ಮಾಡುತ್ತವೆ. ಮಾಡಿನ ಕೆಳಗಿನ ಸಿಮೆಂಟ್ ನೆಲದಲ್ಲಿ ಸಾಲು ಎಳೆದರೆ ಪರವಾಗಿಲ್ಲ, ಅಂಗಳದಲ್ಲಿ ದಂಡ. ಕಾಫಿ ಚರಟ ಹಾಕುವುದನ್ನು ಬಿಟ್ಟುಬಿಡಿ. ಹುಳುವನ್ನು ಓಡಿಸುವಷ್ಟು ಕೆಫೀನ್ ಕುದಿಸಿ ಸೋಸಿದ ಚರಟದಲ್ಲಿ ಉಳಿದಿರುವುದಿಲ್ಲ. ಅದು ತೇವ ಹಿಡಿದಿಟ್ಟು ಬೂಸಲು ತರುವುದಷ್ಟೇ.

ವಿಷದ ಕಾಳು ಹಾಕುವ ಮೊದಲು

ಗೊಬ್ಬರದ ಅಂಗಡಿಯಲ್ಲಿ ಸಿಗುವುದು ಶೇ. 2.5ರ ಮೆಟಾಲ್ಡಿಹೈಡ್ ಕಾಳು. ಇದು ಹುಳುವಿನ ಮೈಯ ನೀರನ್ನೆಲ್ಲ ಲೋಳೆಯಾಗಿ ಹೊರಹಾಕಿಸಿ ಕೊಲ್ಲುತ್ತದೆ. ಹಾಗಾಗಿ ಬಿಸಿಲು ಬಂದರೆ ಪರಿಣಾಮ ಜೋರು. ಜಡಿಮಳೆಯಲ್ಲಿ ಅರೆಸತ್ತ ಹುಳು ತೇವ ಹೀರಿ ಎದ್ದುಹೋಗುತ್ತದೆ. ಕಾಳೂ ಮಳೆಗೆ ಕರಗುತ್ತದೆ. ಆಗುಂಬೆಯಂತೆ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಕಡೆ ಜುಲೈನಲ್ಲಿ ಇದನ್ನು ಬಯಲಿಗೆ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೇ ತಿಂಗಳ ಎರಡು ಮಳೆಯ ನಡುವಿನ ಒಣ ದಿನಗಳೇ ಇದಕ್ಕೆ ಸರಿ, ಅದೂ ಓರೆಯಾಗಿಟ್ಟ ಹೆಂಚಿನ ಕೆಳಗೆ, ಪೊಟ್ಟಣದ ಮೇಲಿನ ಪ್ರಮಾಣ ಮೀರದೆ.

ನಾಯಿ, ದನ, ಕೋಳಿ ಇರುವ ಮನೆಯಲ್ಲಿ ಇದು ಬೇಡವೇ ಬೇಡ. ಕಾಳಿನಲ್ಲಿ ತೌಡಿನಂಥ ಆಹಾರ ಬೆರೆತಿರುವುದರಿಂದ ನಾಯಿ ಇಷ್ಟಪಟ್ಟು ತಿನ್ನುತ್ತದೆ, ನಡುಕ ಬಂದು ಸೆಟೆದುಕೊಳ್ಳುತ್ತದೆ. ತಿಂದ ಅನುಮಾನ ಬಂದರೆ ಮನೆಮದ್ದು ಮಾಡುತ್ತ ಕೂರದೆ ಪೊಟ್ಟಣದ ಸಮೇತ ಪಶುವೈದ್ಯರಲ್ಲಿಗೆ ಓಡಿ. ಕಬ್ಬಿಣದ ಫಾಸ್ಫೇಟ್ ಕಾಳು ಸಿಕ್ಕರೆ ಅದು ಎಷ್ಟೋ ವಾಸಿ. ಅದನ್ನು ತಿಂದ ಹುಳು ಮೇಯುವುದನ್ನು ನಿಲ್ಲಿಸಿ ಅಡಗುತಾಣಕ್ಕೆ ಹೋಗಿ ಮೂರರಿಂದ ಆರು ದಿನದಲ್ಲಿ ಸಾಯುತ್ತದೆ. ಹೆಣ ಕಣ್ಣಿಗೆ ಬೀಳದ್ದಕ್ಕೆ ಇದು ಕೆಲಸ ಮಾಡುವುದಿಲ್ಲ ಅಂತ ಜನ ಬೈಯುತ್ತಾರೆ. ಹೊಸ ಗಾಯ ನಿಂತಿದೆಯಾ ಅನ್ನುವುದನ್ನು ನೋಡಿ.

ಹಳೆಯ ಕರಪತ್ರಗಳಲ್ಲಿ ತೌಡು, ಬೆಲ್ಲಕ್ಕೆ ಮೆಥೊಮಿಲ್ ಬೆರೆಸುವ ವಿಧಾನ ಇನ್ನೂ ಓಡಾಡುತ್ತಿದೆ. ಆ ಔಷಧವನ್ನು ಕೇಂದ್ರ ಸರ್ಕಾರ 2023ರಲ್ಲೇ ನಿಷೇಧಿಸಿದೆ. ಮನೆಯ ಮೂಲೆಯಲ್ಲಿ ಹಳೆ ಡಬ್ಬಿ ಉಳಿದಿದ್ದರೂ ಬಳಸಬೇಡಿ.

ಕುಂಡದೊಳಗಿನ ತೇವ

ಹುಳುವಿನ ಭಾಗ ಇಷ್ಟು. ಕೊಳೆಯ ಭಾಗಕ್ಕೆ ಅಡುಗೆಮನೆಯ ತಕ್ಕಡಿ ತನ್ನಿ. 4 ಇಂಚಿನ ಕುಂಡಕ್ಕೆ ಚೆನ್ನಾಗಿ ನೀರು ಹಾಕಿ ಹನಿ ನಿಂತ ಮೇಲೆ ತೂಗಿ. 430 ಗ್ರಾಂ ಬಂತು ಅನ್ನಿ. ಬೇಸಿಗೆಯಲ್ಲಿ ಪೂರ್ತಿ ಒಣಗಿದಾಗ ಅದೇ ಕುಂಡ 320 ಇತ್ತು ಅಂತಾದರೆ ಅದು ಹಿಡಿಯುವ ನೀರು 110 ಗ್ರಾಂ. ಸೂರಿನ ಕೆಳಗೆ ನಾಲ್ಕು ದಿನ ಇಟ್ಟು ಮತ್ತೆ ತೂಗಿ. ಅರ್ಧದಷ್ಟೂ ಇಳಿಯದಿದ್ದರೆ ಮಿಶ್ರಣ ಮಳೆಗಾಲಕ್ಕೆ ಲಾಯಕ್ಕಿಲ್ಲ. ಬೆರಳು ತೂರಿಸಿ ನೋಡುವುದಕ್ಕಿಂತ ಇದು ನಂಬಿಕಸ್ಥ, ಏಕೆಂದರೆ ಮೇಲೆ ಒಣಗಿ ತಳದಲ್ಲಿ ಒದ್ದೆ ಉಳಿಯುವುದೇ ಇಲ್ಲಿನ ಸಾಮಾನ್ಯ ಕಾಯಿಲೆ.

ಬಹುತೇಕ ತಪ್ಪು ಕೋಕೋಪೀಟಿನದ್ದು, ಅಂದರೆ ತೆಂಗಿನ ನಾರಿನ ಪುಡಿಯದ್ದು. ನರ್ಸರಿಯವರಿಗೆ ಸಾಗಿಸಲು ಹಗುರ ಅಂತ ಅದರಲ್ಲೇ ನೆಡುತ್ತಾರೆ. ಬೆಂಗಳೂರಿನ ಬಿಸಿಲಿಗೆ ನಡೆದೀತು, ತೀರ್ಥಹಳ್ಳಿಯ ಆಷಾಢಕ್ಕೆ ನಡೆಯುವುದಿಲ್ಲ. ತಂದ ವಾರದೊಳಗೆ ಬಿಡಿಸಿ ಹೀಗೆ ನೆಡಿ: 5 ಮಿ.ಮೀ. ಜರಡಿಯಲ್ಲಿ ಹಾದು 2 ಮಿ.ಮೀ. ಜರಡಿಯಲ್ಲಿ ಉಳಿದ ಹೆಂಚಿನ ಚೂರು 4 ಪಾಲು, ಅದೇ ಗಾತ್ರದ ತೊಳೆದ ದಪ್ಪ ಮರಳು 3 ಪಾಲು, ಉಮಿಕರಿ 2 ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ 1 ಪಾಲು. 2 ಮಿ.ಮೀ.ಗಿಂತ ಕೆಳಗಿನ ಧೂಳನ್ನು ಬಿಸಾಡಲೇಬೇಕು. ಸಂದುಗಳನ್ನು ಮುಚ್ಚಿ ನೀರು ಕಟ್ಟುವುದು ಅದೇ ಧೂಳು. 6 ಇಂಚಿನ ಕುಂಡಕ್ಕೆ ಅರ್ಧ ಲೀಟರ್ ಸುರಿದರೆ ಮೇಲೆ ನಿಲ್ಲದೆ ಅರ್ಧ ನಿಮಿಷದೊಳಗೆ ಕೆಳಗೆ ಬರಬೇಕು. ತಳಕ್ಕೆ ದಪ್ಪ ಜಲ್ಲಿಯ ಪದರ ಬೇಡ, ಅದರಿಂದ ನೀರಿನ ಮಟ್ಟ ಮೇಲೆ ಬರುತ್ತದೆಯೇ ಹೊರತು ಬಸಿಯುವುದು ಹೆಚ್ಚಾಗುವುದಿಲ್ಲ.

ಕೊಟ್ಟಿಗೆ ಗೊಬ್ಬರದ ಜತೆ ಹುಳುವಿನ ಮೊಟ್ಟೆಯೂ ಬರುತ್ತದೆ. ಮಾರ್ಚ್–ಏಪ್ರಿಲ್ ಬಿಸಿಲಲ್ಲಿ ಎರಡು ಇಂಚಿಗಿಂತ ದಪ್ಪ ಇಲ್ಲದಂತೆ ಹರಡಿ, ತುಸು ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ ಅಂಚಿಗೆ ಮಣ್ಣು ಒತ್ತಿ ಮೂರು ವಾರ ಬಿಡಿ. ಮಳೆ ಶುರುವಾದ ಮೇಲೆ ಈ ದಾರಿ ಮುಚ್ಚಿತು. ಆಗ ಬೇಕಾದರೆ ಗೊಬ್ಬರವೇ ಇಲ್ಲದೆ ನೆಡಿ, ನಾಲ್ಕು ತಿಂಗಳು ಗಿಡಕ್ಕೇನೂ ಆಗುವುದಿಲ್ಲ.

ಮಾಡಿಗೆ 200 ಮೈಕ್ರಾನ್ ಯು.ವಿ. ಶೀಟು ಸಾಕು. ಬದಿಗಳನ್ನು ಮುಚ್ಚಬೇಡಿ, ಗಾಳಿ ಆಡದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಎರಚಲು ಹೊಡೆಯುವ ಪಡುವಣ ಬದಿಗೆ ಮಾತ್ರ ಬೆಂಚಿನ ಎತ್ತರದಿಂದ ಮೇಲಕ್ಕೆ ಇಳಿಬಿಟ್ಟ ಶೀಟು ಹಾಕಿ. ಸೂರಿನ ನೀರು ಬೀಳುವ ಗೆರೆಯಿಂದ ಎರಡು ಅಡಿ ಒಳಗಿರಲಿ ಕುಂಡಗಳು.

ಪೆಟ್ಟು ತಿಂದ ಗಿಡ

ಕೆರೆದ ಗಾಯ ತಾನೇ ಒಣಗುತ್ತದೆ. ನಾಲ್ಕು ದಿನ ನೀರು ತಾಗದ, ಗಾಳಿಯಾಡುವ ಕಡೆ ಇಡಿ, ಅರಿಶಿನ ಮೆತ್ತುವುದು ಬೇಡ. ಎಲೆ ಕೀಳಬೇಡಿ. ಗಾಯದ ಎಲೆಯೂ ಗಿಡಕ್ಕೆ ನೀರಿನ ಗಡಿಗೆಯೇ, ಹೊಸ ಎಲೆ ಬಂದ ಮೇಲೆ ಕೆಳಗೆ ಸರಿದು ತಾನೇ ಉದುರುತ್ತದೆ. ಸುಳಿ ತಿಂದಿದ್ದರೆ ಗಿಡ ಹೋಯಿತು ಅಂದುಕೊಳ್ಳಬೇಡಿ. ಬುಡ ಗಟ್ಟಿಯಿದ್ದರೆ ಒಂದೆರಡು ತಿಂಗಳಲ್ಲಿ ಪಕ್ಕದಿಂದ ಮರಿ ಒಡೆಯುತ್ತದೆ. ಒಂದಿದ್ದ ಗಿಡ ನಾಲ್ಕಾದರೂ ಆದೀತು.

ಬುಡ ಮೆತ್ತಗಾಗಿದ್ದರೆ ಕಾಯಬೇಡಿ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕೆಳಗಿನಿಂದ ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತ ಬನ್ನಿ, ಪ್ರತಿ ಸಲ ಬ್ಲೇಡು ಒರೆಸಿ. ಕಾಂಡದ ಮುಖದಲ್ಲಿ ಒಂದು ಕಂದು ಚುಕ್ಕೆಯೂ ಇಲ್ಲದ ತನಕ ಮೇಲಕ್ಕೆ ಹೋಗಿ. ಉಳಿದ ತಲೆಯನ್ನು ಒಣ ಕಾಗದದ ಮೇಲೆ ನೆರಳಲ್ಲಿ ಇಡಿ. ಬೇಸಿಗೆಯಲ್ಲಿ ನಾಲ್ಕು ದಿನಕ್ಕೆ ಒಣಗುವ ಗಾಯ ಆರಿದ್ರಾ ಮಳೆಯಲ್ಲಿ ಹತ್ತು ದಿನ ಹಿಡಿಯಬಹುದು. ಫ್ಯಾನಿನ ಗಾಳಿ ಕೊಡಿ. ಪಕ್ಕದ ಕುಂಡಗಳಿಗೆ ಹರಡುವ ಭಯವಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಮಿಶ್ರಣಕ್ಕೆ ಮಾತ್ರ ಹಾಕಿ, ಎಲೆಗೆ ಬೇಡ, ಕಲೆ ಉಳಿಯುತ್ತದೆ.

ಕತ್ತರಿಸಿದ ತಲೆಗೆ ಬೇರು ಬಂದು ಹೊಸ ಕುಂಡಕ್ಕೆ ಏರಿಸಿದ ದಿನ ಕುಂಡದ ತಳದ ತೂತಿಗೆ ಸಣ್ಣ ಕಣ್ಣಿನ ಸೊಳ್ಳೆಪರದೆಯ ತುಂಡು ಹಾಕಿ. ಸಿಂಬಳದ ಹುಳು ಒಳಗೆ ಹೋಗುವುದು ಅಲ್ಲಿಂದಲೇ.